ಪುಸ್ತಕದ ಗಂಟು ಮತ್ತು ಓದುಗನ ಆಯ್ಕೆ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಂದು ದೃಶ್ಯ ಕಾಣಸಿಗುತ್ತಿತ್ತು. ಪುಸ್ತಕಗಳ ಗಂಟು ಹೊತ್ತ ಹಿರಿಯರೊಬ್ಬರು ಊರಿಂದ ಊರಿಗೆ ನಡೆದು ಬರುತ್ತಿದ್ದರು. ಓದು ಬಲ್ಲವರು ಇದ್ದ ಮನೆಯ ಮುಂದೆ ಗಂಟು ಇಳಿಸಿ ಪುಸ್ತಕ ಮಾರುತ್ತಿದ್ದರು. ಆ ಪುಸ್ತಕಗಳನ್ನು ಬರೆದವರೂ ಅವರೇ, ಅಚ್ಚು ಹಾಕಿಸಿದವರೂ ಅವರೇ. ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಕನ್ನಡ ನಾಡು ಅವರನ್ನು ನೆನೆಯುವುದು ಗಳಗನಾಥ (1869–1942) ಎಂಬ ಹೆಸರಿನಿಂದ. ಕನ್ನಡ ಕಾದಂಬರಿಗೆ ದಾರಿ ಹಾಕಿಕೊಟ್ಟ ಮೊದಲಿಗರಲ್ಲಿ ಅವರೊಬ್ಬರು.

ಇಂದು ಇದನ್ನೇ ‘ಸ್ವಯಂ ಪ್ರಕಾಶನ’ ಎಂದು ಕರೆದು, ಕಂಪ್ಯೂಟರ್ ಯುಗ ತಂದ ಹೊಸ ಪದ್ಧತಿಯೆಂದು ಹೇಳುವುದು ವಾಡಿಕೆ. ಕನ್ನಡದ ಮಟ್ಟಿಗೆ ಇದು ಹೊಸದಲ್ಲ. ಲೇಖಕನೇ ಪ್ರಕಾಶಕನಾಗುವುದು ಆಧುನಿಕ ಕನ್ನಡ ಸಾಹಿತ್ಯದ ಜೊತೆಯಲ್ಲೇ ಹುಟ್ಟಿದ ಪದ್ಧತಿ. ಹೊಸದಾಗಿರುವುದು ಬೇರೆಯೇ ಒಂದು ಪ್ರಶ್ನೆ. ಯಾರು ಬೇಕಾದರೂ, ಎಷ್ಟು ಬೇಕಾದರೂ ಪುಸ್ತಕ ತರಬಹುದಾದ ಈ ಕಾಲದಲ್ಲಿ ಓದುಗ ಯಾವುದನ್ನು ಕೈಗೆತ್ತಿಕೊಳ್ಳಬೇಕು? ಯಾರ ಮಾತನ್ನು ನಂಬಬೇಕು? ಈ ಪ್ರಶ್ನೆಗೆ ಹಿಂದಿನ ತಲೆಮಾರುಗಳು ಹೇಗೆ ಉತ್ತರ ಕಂಡುಕೊಂಡಿದ್ದವು ಎಂಬುದು ತಿಳಿದುಕೊಳ್ಳಬೇಕಾದ ಸಂಗತಿ.

ಪ್ರತಿ ಮಾಡುವುದೇ ಆಯ್ಕೆ

ಅಚ್ಚಿನ ಯಂತ್ರ ಬರುವ ಮುನ್ನ ಈ ತೊಡಕು ಇರಲಿಲ್ಲ. ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಒಂದು ಕಾವ್ಯದ ಪ್ರತಿ ಮಾಡಲು ತಿಂಗಳುಗಟ್ಟಲೆ ಶ್ರಮ ಬೇಕಿತ್ತು. ಗರಿಗೆ ಹುಳು ಹಿಡಿದಾಗ, ಅಂಚು ಮುರಿದಾಗ ಮತ್ತೆ ಪ್ರತಿ ಮಾಡಬೇಕಿತ್ತು. ಹೀಗೆ ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ‘ಇದು ಉಳಿಯಬೇಕು’ ಎಂದು ನಿರ್ಧರಿಸಿದ ಗ್ರಂಥಗಳಷ್ಟೇ ಉಳಿದವು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅದು ಧರ್ಮಕಾರ್ಯವೂ ಹೌದು, ಓದುಗರ ಪರವಾಗಿ ಮಾಡಿದ ಒಂದು ಆಯ್ಕೆಯೂ ಹೌದು.

ಸಾಮಾನ್ಯ ಜನರಂತೂ ಓದುವುದಕ್ಕಿಂತ ಕೇಳುವುದೇ ಹೆಚ್ಚಾಗಿತ್ತು. ಗುಡಿಯ ಜಗುಲಿಯಲ್ಲೋ ಗೌಡರ ಪಡಸಾಲೆಯಲ್ಲೋ ಗಮಕಿಗಳು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಓದುತ್ತಿದ್ದರು, ಊರು ಕೇಳುತ್ತಿತ್ತು. ಯಾವ ಕಾವ್ಯವನ್ನು ಕೇಳಬೇಕೆಂಬುದನ್ನು ಒಬ್ಬ ವ್ಯಕ್ತಿ ತೀರ್ಮಾನಿಸುತ್ತಿರಲಿಲ್ಲ, ಊರಿಗೆ ಊರೇ ತೀರ್ಮಾನಿಸುತ್ತಿತ್ತು. ಬೇಸರ ತಂದ ಓದು ಮುಂದಿನ ಮಳೆಗಾಲಕ್ಕೆ ಮತ್ತೆ ಬರುತ್ತಿರಲಿಲ್ಲ.

ಈ ವ್ಯವಸ್ಥೆಗೆ ಅದರದೇ ಆದ ಕೊರತೆಗಳಿದ್ದವು. ಪ್ರತಿ ಮಾಡಿಸುವ ಶಕ್ತಿ ಅರಮನೆ, ಮಠ, ಬಸದಿ ಮತ್ತು ಸಿರಿವಂತರ ಕೈಯಲ್ಲಿತ್ತು. ಅವರ ಕಣ್ಣಿಗೆ ಬೀಳದ ಕೃತಿಗಳು ಗೆದ್ದಲಿನ ಪಾಲಾದವು. ಬಾಗಿಲು ಕಿರಿದಾಗಿದ್ದಾಗ ಕಸದ ಜೊತೆಗೆ ಕಾಳೂ ಹೊರಗುಳಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಲೇಖಕರೇ ಪ್ರಕಾಶಕರು

ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಕನ್ನಡದ ಅಚ್ಚಿನ ಕೆಲಸಕ್ಕೆ ಭದ್ರ ನೆಲೆ ಒದಗಿಸಿತು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ ಅಚ್ಚಾಯಿತು. ಅಚ್ಚಿನ ಮನೆಗಳು ಹೆಚ್ಚಿದವು. ಆದರೆ ಹಸ್ತಪ್ರತಿ ಓದಿ, ಬಂಡವಾಳ ಹೂಡಿ, ಪುಸ್ತಕ ಮಾರಿ, ಲೇಖಕನಿಗೆ ಗೌರವಧನ ಕೊಡುವ ಪ್ರಕಾಶಕರು ತೀರ ವಿರಳವಾಗಿದ್ದರು. ಬರೆದವನು ತನ್ನ ಹಣವನ್ನೇ ಹಾಕಬೇಕಿತ್ತು, ಇಲ್ಲವೇ ಸಾಲ ಮಾಡಬೇಕಿತ್ತು.

ವಿಜಾಪುರದ ವಕೀಲ ಫ.ಗು. ಹಳಕಟ್ಟಿಯವರ (1880–1964) ಕಥೆ ಇದಕ್ಕೆ ದೊಡ್ಡ ನಿದರ್ಶನ. ಮಠಗಳಲ್ಲಿ, ಮನೆಗಳ ಗೂಡುಗಳಲ್ಲಿ ಚದುರಿಹೋಗಿದ್ದ ವಚನಗಳ ತಾಳೆಗರಿಗಳನ್ನು ಅವರು ಹುಡುಕಿ ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಮುಂದಿನ ಸಂಪುಟಗಳಿಗಾಗಿ 1925ರಲ್ಲಿ ಅವರು ‘ಹಿತಚಿಂತಕ’ ಎಂಬ ಮುದ್ರಣಾಲಯವನ್ನೇ ತೆರೆದರು. ಅದಕ್ಕಾಗಿ ಇದ್ದ ಮನೆಯನ್ನು ಮಾರಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಲಾಭ ನಷ್ಟದ ಲೆಕ್ಕ ಹಾಕುವ ಯಾವ ವ್ಯಾಪಾರಿಯೂ ಅಂದು ಈ ಕೆಲಸಕ್ಕೆ ಕೈ ಹಾಕುವಂತಿರಲಿಲ್ಲ. ಇಂದು ವಚನಗಳಿಲ್ಲದ ಕನ್ನಡ ಸಾಹಿತ್ಯವನ್ನು ಊಹಿಸುವುದೂ ಕಷ್ಟ.

ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯ ನಡೆಸಿ, ಹರ್ಷ ಪ್ರಕಟಣಾಲಯದ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ಕೆಲವಕ್ಕೆ ಚಿತ್ರಗಳನ್ನೂ ತಾವೇ ಬರೆದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಪುಸ್ತಕಗಳ ಮೇಲೆ ‘ಜೀವನ ಕಾರ್ಯಾಲಯ’ದ ಹೆಸರಿರುತ್ತಿತ್ತು. ಅದು ಅವರದೇ ಪ್ರಕಾಶನ. ಕುವೆಂಪು ಅವರ ಮೈಸೂರಿನ ಮನೆಯ ಹೆಸರಾದ ‘ಉದಯರವಿ’ಯೇ ಅವರ ಪುಸ್ತಕಗಳ ಪ್ರಕಾಶನದ ಹೆಸರೂ ಆಯಿತು. ಮೂವರೂ ಜ್ಞಾನಪೀಠ ಪುರಸ್ಕೃತರು. ‘ತಮ್ಮ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿಕೊಂಡವರು’ ಎಂಬ ಹಗುರ ಮಾತನ್ನು ಕನ್ನಡದಲ್ಲಿ ಆಡುವವರು ಈ ಹೆಸರುಗಳನ್ನು ನೆನಪಿಡಬೇಕು.

ಅಂದಿನ ಓದುಗ ಇವರನ್ನು ಆರಿಸಿಕೊಂಡದ್ದು ಹೇಗೆ? ಮೊದಲ ಪರಿಚಯ ಪುಸ್ತಕದಿಂದ ಆಗುತ್ತಿರಲಿಲ್ಲ, ಪತ್ರಿಕೆಯಿಂದ ಆಗುತ್ತಿತ್ತು. ಗಳಗನಾಥರ ಬರಹ ಅಗಡಿಯ ಆನಂದವನದಿಂದ 1907ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಮನೆಮನೆಗೆ ತಲುಪಿತ್ತು. ಮಾಸ್ತಿಯವರು 1944ರಿಂದ ಎರಡು ದಶಕಗಳ ಕಾಲ ‘ಜೀವನ’ ಪತ್ರಿಕೆಯನ್ನು ನಡೆಸಿದರು. ಹೀಗೆ ಪುಸ್ತಕಕ್ಕೆ ಹಣ ತೆರುವ ಮುನ್ನವೇ ಓದುಗನಿಗೆ ಬರಹದ ರುಚಿ ಗೊತ್ತಿರುತ್ತಿತ್ತು.

ಆರಿಸುವವರನ್ನು ಆರಿಸುವುದು

1933ರಲ್ಲಿ ಧಾರವಾಡದಲ್ಲಿ ಇನ್ನೊಂದು ದಾರಿ ತೆರೆಯಿತು. ‘ಜಡಭರತ’ ಎಂಬ ಕಾವ್ಯನಾಮದ ಜಿ.ಬಿ. ಜೋಶಿಯವರು (1904–1993) ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿದರು. ಇಲ್ಲಿ ಓದುಗ ಒಂದೊಂದೇ ಪುಸ್ತಕವನ್ನು ಆರಿಸುವ ಅಗತ್ಯವಿರಲಿಲ್ಲ. ವರ್ಷದ ಚಂದಾ ಕಟ್ಟಿದರೆ ಮಾಲೆಯ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಯಾವ ಪುಸ್ತಕ ಬರುತ್ತದೆಂಬುದು ಚಂದಾದಾರನ ಕೈಯಲ್ಲಿರಲಿಲ್ಲ. ಆತ ಹಣ ಕಟ್ಟುತ್ತಿದ್ದುದು ಆರಿಸುವವರ ವಿವೇಕದ ಮೇಲಿನ ನಂಬಿಕೆಗೆ.

ಆ ನಂಬಿಕೆ ಬಲು ದೊಡ್ಡ ಕೆಲಸ ಮಾಡಿತು. ಸುಭಾಸ ರಸ್ತೆಯ ‘ಅಟ್ಟ’ದಲ್ಲಿ ಸಾಹಿತಿಗಳು ಕೂಡಿ ಹಸ್ತಪ್ರತಿಗಳನ್ನು ಓದಿ ಚರ್ಚಿಸುತ್ತಿದ್ದರು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಕಣ್ಣು ಬೆನ್ನಿಗಿತ್ತು. 1961ರಲ್ಲಿ ‘ಯಯಾತಿ’ ನಾಟಕ ಪ್ರಕಟವಾದಾಗ ಅದರ ಕರ್ತೃ ಗಿರೀಶ ಕಾರ್ನಾಡರು ಇಪ್ಪತ್ಮೂರರ ತರುಣ, ಹೆಸರು ಕೇಳಿದವರು ಕಡಿಮೆ. ಅಂಗಡಿಯಲ್ಲಿ ಆ ಪುಸ್ತಕ ಕಂಡಿದ್ದರೆ ಎಷ್ಟು ಜನ ಕೊಳ್ಳುತ್ತಿದ್ದರೋ! ಚಂದಾದಾರರ ಮನೆಗಳಿಗೆ ಮಾತ್ರ ಅದು ಹೇಗೂ ತಲುಪಿತು. ಹೊಸಬನೊಬ್ಬನನ್ನು ಓದುವ ಅಪಾಯವನ್ನು ಓದುಗರು ಎಲ್ಲರೂ ಕೂಡಿ ಹಂಚಿಕೊಂಡಂತಾಯಿತು.

ಪೇಟೆ ಪಟ್ಟಣಗಳ ಮಧ್ಯಮ ವರ್ಗದ ಓದುಗರಿಗೆ, ಅದರಲ್ಲೂ ಗೃಹಿಣಿಯರಿಗೆ, ಆಯ್ಕೆಯ ತಾಣವಾಗಿದ್ದುದು ಸರ್ಕ್ಯುಲೇಟಿಂಗ್ ಲೈಬ್ರರಿ. ದಿನಕ್ಕಿಷ್ಟು ಪೈಸೆ ಬಾಡಿಗೆ ಕೊಟ್ಟು ಅ.ನ.ಕೃ., ತ.ರಾ.ಸು., ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ಒಯ್ಯುತ್ತಿದ್ದರು. ಅಲ್ಲಿ ವಿಮರ್ಶೆ ಇರಲಿಲ್ಲ, ಜಾಹೀರಾತೂ ಇರಲಿಲ್ಲ. ಪುಸ್ತಕದ ಮೈಯೇ ಎಲ್ಲ ಹೇಳುತ್ತಿತ್ತು. ಹೊಲಿಗೆ ಸಡಿಲವಾಗಿ, ಅಂಚು ಮಾಸಿ, ಮತ್ತೆ ರಟ್ಟು ಕಟ್ಟಿಸಿಕೊಂಡ ಪುಸ್ತಕವೆಂದರೆ ಹತ್ತಾರು ಮನೆಗಳಲ್ಲಿ ಓದಿಸಿಕೊಂಡಿದೆ ಎಂದರ್ಥ. ಹೊಸದಾಗಿಯೇ ಉಳಿದ ಪುಸ್ತಕದ ಬಗ್ಗೆ ಎಚ್ಚರ ಅಗತ್ಯ. ‘ಸುಧಾ’ (1965), ‘ತರಂಗ’ (1983) ಮೊದಲಾದ ವಾರಪತ್ರಿಕೆಗಳ ಧಾರಾವಾಹಿಗಳೂ ಇದೇ ಕೆಲಸ ಮಾಡಿದವು. ವಾರ ವಾರ ಓದಿ ಮೆಚ್ಚಿದ್ದನ್ನು ಓದುಗರು ಪುಸ್ತಕ ರೂಪದಲ್ಲಿ ಹುಡುಕಿಕೊಂಡು ಹೋಗುತ್ತಿದ್ದರು.

ಓದುಗನಿಲ್ಲದ ಪುಸ್ತಕ

ಪ್ರಕಾಶನ ಸಂಸ್ಥೆಗಳು ಬೆಳೆದಂತೆ ಆರಿಸುವ ಭಾರ ಅವುಗಳ ಮೇಲೆ ಬಿತ್ತು. ಒಳ್ಳೆಯ ಪ್ರಕಾಶಕರು ಅದನ್ನು ಶ್ರದ್ಧೆಯಿಂದ ಹೊತ್ತರು. ಹೆಗ್ಗೋಡಿನ ಅಕ್ಷರ ಪ್ರಕಾಶನದ ಮುದ್ರೆ ಕಂಡರೆ ಲೇಖಕನ ಹೆಸರು ಗೊತ್ತಿಲ್ಲದಿದ್ದರೂ ಪುಸ್ತಕ ಕೊಳ್ಳುವ ಓದುಗರಿದ್ದರು. ಇದೂ ಒಂದು ಬಗೆಯ ಹೊಣೆಗಾರಿಕೆಯೇ.

ಆದರೆ ಇನ್ನೊಂದು ಬೆಳವಣಿಗೆಯೂ ಜೊತೆಗೇ ನಡೆಯಿತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಬಳಿಕ ರಾಜ್ಯದಲ್ಲಿ ಗ್ರಂಥಾಲಯಗಳ ಜಾಲ ಬೆಳೆಯಿತು. ನಾಗರಿಕರು ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರ ಕಟ್ಟುತ್ತಾರೆ. ಸಮಿತಿಯೊಂದು ಆರಿಸಿದ ಪುಸ್ತಕಗಳ ಕೆಲವು ನೂರು ಪ್ರತಿಗಳನ್ನು ಗ್ರಂಥಾಲಯ ಇಲಾಖೆ ಸಗಟಾಗಿ ಕೊಳ್ಳುತ್ತದೆ. ಬಡ ಓದುಗನ ಕೈಗೆ ಪುಸ್ತಕ ಸಿಗುವಂತೆ ಮಾಡಿದ ಈ ಯೋಜನೆಯ ಉಪಕಾರ ದೊಡ್ಡದು. ಕನ್ನಡದ ಎಷ್ಟೋ ಸಣ್ಣ ಪ್ರಕಾಶನಗಳು ಇದರಿಂದಲೇ ಉಸಿರಾಡಿದವು.

ಅಡ್ಡ ಪರಿಣಾಮವೂ ಆಯಿತು. ಸಗಟು ಖರೀದಿಯಿಂದಲೇ ಅಚ್ಚಿನ ವೆಚ್ಚ ಹುಟ್ಟುವಂತಿದ್ದರೆ ಓದುಗನನ್ನು ಹುಡುಕಿಕೊಂಡು ಹೋಗುವ ಶ್ರಮ ಯಾರಿಗೆ ಬೇಕು? ಖರೀದಿಯನ್ನೇ ಗುರಿಯಾಗಿಟ್ಟುಕೊಂಡ ಪುಸ್ತಕಗಳು ಹುಟ್ಟಿಕೊಂಡವು. ಅಂಗಡಿಯಲ್ಲಿ ಕಾಣಿಸಿಕೊಳ್ಳದೆ, ಯಾರ ಮಾತಿನಲ್ಲೂ ಬಾರದೆ ಅವು ನೇರವಾಗಿ ಕಪಾಟು ಸೇರಿದವು. ಪ್ರಕಾಶಕನ ಹೆಸರಿದ್ದ ಮಾತ್ರಕ್ಕೆ ಪುಸ್ತಕವನ್ನು ಯಾರೋ ಜರಡಿ ಹಿಡಿದಿದ್ದಾರೆ ಎಂಬ ಭರವಸೆ ಸಡಿಲಾಯಿತು. ಸ್ವಯಂ ಪ್ರಕಾಶನದ ಮಹಾಪೂರ ಬರುವ ಮುನ್ನವೇ ಒಡ್ಡು ಬಿರುಕು ಬಿಟ್ಟಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಸಾವಿರ ಪ್ರತಿಗಳ ಭಾರ

ಮೊಳೆ ಜೋಡಿಸುವ ಕಾಲದಲ್ಲಿ ಒಂದು ಪುಸ್ತಕವೆಂದರೆ ಸಾಮಾನ್ಯವಾಗಿ ಸಾವಿರ ಪ್ರತಿ. ಅಕ್ಷರ ಜೋಡಿಸುವ, ಕರಡು ತಿದ್ದುವ ವೆಚ್ಚ ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆದ್ದರಿಂದ ನೂರು ಪ್ರತಿ ಅಚ್ಚು ಹಾಕಿಸುವುದು ಯಾರಿಗೂ ಗಿಟ್ಟುತ್ತಿರಲಿಲ್ಲ. ಸಾವಿರ ಪ್ರತಿ ಅಚ್ಚಾದರೆ ಅವನ್ನು ಇಡಲು ಜಾಗ ಬೇಕು, ಗೆದ್ದಲಿನಿಂದ ಕಾಯಬೇಕು, ಸಾಲಕ್ಕೆ ಬಡ್ಡಿ ಕಟ್ಟಬೇಕು. ಮಂಚದ ಕೆಳಗೆ ಕಟ್ಟು ಕಟ್ಟಾಗಿ ಪೇರಿಸಿಟ್ಟ ಪುಸ್ತಕಗಳ ನಡುವೆಯೇ ಸಂಸಾರ ಮಾಡಿದ ಲೇಖಕರು ಕನ್ನಡದಲ್ಲಿ ಕಡಿಮೆಯೇನಲ್ಲ. ಈ ಕಷ್ಟ ಕ್ರೂರವಾದುದು. ಆದರೂ ಅದೊಂದು ಜರಡಿಯಾಗಿತ್ತು. ತನ್ನ ಬರಹದ ಮೇಲೆ ಅಷ್ಟು ವಿಶ್ವಾಸವಿಲ್ಲದವನು ಆ ಸಾಹಸಕ್ಕೆ ಇಳಿಯುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಡಿ.ಟಿ.ಪಿ. ಬಂದು ಮೊಳೆಗಳು ಮೂಲೆ ಸೇರಿದವು. ಮುಂದೆ ಡಿಜಿಟಲ್ ಮುದ್ರಣ ಬಂತು. ಐವತ್ತು ಪ್ರತಿ ಬೇಕೆಂದರೆ ಐವತ್ತು, ಒಂದೇ ಬೇಕೆಂದರೆ ಒಂದು. 2007ರಲ್ಲಿ ಅಮೆರಿಕದ ಅಮೆಜಾನ್ ಕಂಪನಿ ಕಿಂಡಲ್ ಎಂಬ ಓದುವ ಸಾಧನ ತಂದಾಗ, ಲೇಖಕರು ತಾವೇ ಪುಸ್ತಕ ಪ್ರಕಟಿಸುವ ಏರ್ಪಾಟನ್ನೂ ಜೊತೆಗೆ ತಂದಿತು. ಮರುವರ್ಷ ಬೆಂಗಳೂರಿನಲ್ಲೇ ‘ಪೋಥಿ ಡಾಟ್ ಕಾಮ್’ ಎಂಬ ಸಂಸ್ಥೆ ಬೇಡಿಕೆ ಬಂದಷ್ಟೇ ಪ್ರತಿ ಅಚ್ಚು ಹಾಕುವ ಸೇವೆ ಆರಂಭಿಸಿತು. ಮಂಚದ ಕೆಳಗಿನ ಕಟ್ಟುಗಳು ಮಾಯವಾದವು, ಅವುಗಳ ಜೊತೆಗೆ ಆ ಜರಡಿಯೂ ಮಾಯವಾಯಿತು.

ಲೇಖಕನಿಗೆ ಇದು ಬಿಡುಗಡೆ. ಹಿಂದೆ ಯಾವ ಪ್ರಕಾಶಕನ ಬಾಗಿಲಿಗೂ ಹೋಗಲಾರದಿದ್ದ ಸಣ್ಣ ಊರಿನ ಶಿಕ್ಷಕಿ, ರೈತ, ನಿವೃತ್ತ ನೌಕರ ಇಂದು ಪುಸ್ತಕ ತರಬಲ್ಲರು. ತಮ್ಮ ಊರಿನ ಇತಿಹಾಸ, ತಮ್ಮ ಕಸುಬಿನ ಅನುಭವ, ತಮ್ಮ ಸೀಮೆಯ ನುಡಿಗಳನ್ನು ದಾಖಲಿಸಬಲ್ಲರು. ಇವುಗಳಲ್ಲಿ ಅಮೂಲ್ಯವಾದವು ಇರುವುದು ಖಚಿತ. ಆದರೆ ಅವನ್ನು ಹುಡುಕುವ ಹೊರೆ ಈಗ ಪೂರ್ತಿಯಾಗಿ ಓದುಗನ ಹೆಗಲ ಮೇಲೆ ಬಿದ್ದಿದೆ.

ಸವೆದ ನಾಣ್ಯಗಳು

ಆ ಹೊರೆ ಹೊರಲು ಓದುಗನಿಗೆ ಕೆಲವು ಗುರುತುಗಳ ನೆರವಿತ್ತು. ಅವುಗಳಲ್ಲಿ ಹಲವು ಇಂದು ಸವೆದ ನಾಣ್ಯಗಳಾಗಿವೆ. ಮುನ್ನುಡಿ ಒಂದು ಕಾಲಕ್ಕೆ ಹಿರಿಯರು ತಮ್ಮ ಹೆಸರನ್ನು ಒತ್ತೆಯಿಟ್ಟು ಹೇಳುವ ಮಾತಾಗಿತ್ತು. ಬೇಡವೆನ್ನಲಾರದ ದಾಕ್ಷಿಣ್ಯಕ್ಕೆ ಸಿಕ್ಕಿ ಅದು ಮದುವೆ ಮನೆಯ ಆಶೀರ್ವಾದದಂತಾಯಿತು. ಬೆನ್ನುಡಿಯಂತೂ ಹೊಗಳಿಕೆಗೇ ಮೀಸಲು. ಪತ್ರಿಕೆಗಳ ‘ಸಾದರ ಸ್ವೀಕಾರ’ ಅಂಕಣ ಪುಸ್ತಕ ಬಂದದ್ದನ್ನು ಹೇಳುತ್ತದೆಯೇ ಹೊರತು ಅದು ಹೇಗಿದೆ ಎಂಬುದನ್ನಲ್ಲ. ಪುಸ್ತಕದ ಹಿಂಬದಿಯ ಹದಿಮೂರು ಅಂಕಿಗಳ ಐ.ಎಸ್.ಬಿ.ಎನ್. ಸಂಖ್ಯೆಯನ್ನು ಕೆಲವರು ಗುಣಮಟ್ಟದ ಮುದ್ರೆಯೆಂದೇ ಭಾವಿಸಿದ್ದಾರೆ. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ ಮಾತ್ರ. ಕೇಳಿದ ಪ್ರತಿ ಪ್ರಕಾಶಕನಿಗೂ, ತಾನೇ ಪ್ರಕಟಿಸುವ ಲೇಖಕನಿಗೂ ಅದು ಸಿಗುತ್ತದೆ.

ಮೊಬೈಲಿನ ಪರದೆಯ ಮೇಲೆ ಕಾಣುವ ನಕ್ಷತ್ರಗಳ ಗತಿಯೂ ಅಷ್ಟೇ. ಗೆಳೆಯರು, ಬಂಧುಗಳು ಕೊಟ್ಟ ಐದು ನಕ್ಷತ್ರಗಳನ್ನು ಅಪರಿಚಿತ ಓದುಗ ಕೊಟ್ಟ ಮೂರರಿಂದ ಬೇರ್ಪಡಿಸುವುದು ಹೇಗೆ? ಪ್ರಶಸ್ತಿ ಇಂದಿಗೂ ಜನರ ಗಮನ ಸೆಳೆಯುತ್ತದೆ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾಡಿನಾದ್ಯಂತ ಅವರ ಹೆಸರು ಕೇಳಿಬಂತು. ಆ ಕಥೆಗಳಾದರೋ ದಶಕಗಳಿಂದ ಕನ್ನಡದಲ್ಲೇ ಇದ್ದವು. ಲಂಡನ್ನಿನ ತೀರ್ಪುಗಾರರು ಆರಿಸಿಕೊಡುವವರೆಗೆ ಕಾಯಬೇಕಾದ ಅಗತ್ಯ ಕನ್ನಡ ಓದುಗನಿಗೆ ಇರಲಿಲ್ಲ.

ಇಲ್ಲಿ ನಷ್ಟದ ಮಾತೂ ಇದೆ. ಹೊಗಳಿಕೆ ನಂಬಿ ಮೂರು ಬಾರಿ ಮೋಸಹೋದ ಓದುಗ ನಾಲ್ಕನೆಯ ಬಾರಿ ಕನ್ನಡದ ಹೊಸ ಪುಸ್ತಕವನ್ನೇ ಮುಟ್ಟದಿರಬಹುದು. ಆಗ ಸೋಲುವುದು ಕೆಟ್ಟ ಪುಸ್ತಕವಲ್ಲ, ಅದರ ಪಕ್ಕದಲ್ಲಿ ಯಾರ ಶಿಫಾರಸೂ ಇಲ್ಲದೆ ಕುಳಿತ ಒಳ್ಳೆಯ ಪುಸ್ತಕ. ಹಳಕಟ್ಟಿಯವರಂಥವರು ಇಂದು ಮನೆ ಮಾರದೆಯೇ ತಮ್ಮ ಸಂಗ್ರಹವನ್ನು ಪ್ರಕಟಿಸಬಹುದು. ಆದರೆ ಸಾವಿರಾರು ಪುಸ್ತಕಗಳ ರಾಶಿಯಲ್ಲಿ ಅದು ಕಾಣದೆಯೇ ಹೋಗಬಹುದು.

ಹಳೆಯ ದಾರಿ, ಹೊಸ ನಡಿಗೆ

ಹಾಗಾದರೆ ಓದುಗ ಏನು ಮಾಡಬೇಕು? ಮೊದಲನೆಯದಾಗಿ, ಪುಸ್ತಕದ ಬಗ್ಗೆ ಬರೆದದ್ದನ್ನು ಬಿಟ್ಟು ಪುಸ್ತಕವನ್ನೇ ಓದಬೇಕು. ಮೊದಲ ಪುಟವನ್ನು ಎಲ್ಲ ಲೇಖಕರೂ ಮುತುವರ್ಜಿಯಿಂದ ಬರೆದಿರುತ್ತಾರೆ. ನಡುವಿನ ಯಾವುದಾದರೂ ಎರಡು ಪುಟ ತೆರೆದು ಓದಿದರೆ ನಿಜ ತಿಳಿಯುತ್ತದೆ. ಅಕ್ಕಿ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು.

ಎರಡನೆಯದು, ಪುಸ್ತಕದ ಆರಂಭದ ಸಣ್ಣ ಅಕ್ಷರಗಳ ಪುಟ. ಇದು ಎಷ್ಟನೆಯ ಮುದ್ರಣ? ಯಾರಾದರೂ ಸಂಪಾದಿಸಿದ್ದಾರೆಯೇ? ಮೊದಲು ಯಾವುದಾದರೂ ಪತ್ರಿಕೆಯಲ್ಲಿ ಬಂದಿತ್ತೇ? ಇತಿಹಾಸ, ಆರೋಗ್ಯ, ಕಾನೂನುಗಳ ಪುಸ್ತಕವಾದರೆ ಇನ್ನಷ್ಟು ಎಚ್ಚರ ಬೇಕು. ಕೆಟ್ಟ ಕಾದಂಬರಿ ಒಂದು ಸಂಜೆಯನ್ನು ಹಾಳುಮಾಡುತ್ತದೆ, ತಪ್ಪು ಮಾಹಿತಿಯ ವೈದ್ಯಕೀಯ ಪುಸ್ತಕ ಪ್ರಾಣಕ್ಕೇ ಎರವಾದೀತು. ಮಾಹಿತಿಯ ಆಕರ ಹೇಳದ, ಎಲ್ಲಕ್ಕೂ ಖಚಿತ ಪರಿಹಾರ ಕೊಡುವ ಪುಸ್ತಕವನ್ನು ಕೆಳಗಿಡುವುದು ಕ್ಷೇಮ.

ಮೂರನೆಯದು ಎಲ್ಲಕ್ಕಿಂತ ಹಳೆಯದು. ಅಟ್ಟದ ಚಂದಾದಾರರು ಮಾಡಿದ್ದನ್ನೇ ಇಂದಿನ ಓದುಗರೂ ಮಾಡಬಹುದು. ಅಭಿರುಚಿ ಹೊಂದುವ ನಾಲ್ಕಾರು ಜನರನ್ನು ಗುರುತಿಟ್ಟುಕೊಳ್ಳಬೇಕು. ಅವರು ಅಂಗಡಿಯವರಿರಬಹುದು, ಊರಿನ ಗ್ರಂಥಪಾಲಕರಿರಬಹುದು, ಅಂಕಣಕಾರರಿರಬಹುದು, ಸಹೋದ್ಯೋಗಿಯೂ ಇರಬಹುದು. ಅವರ ಮಾತಿಗೆ ಬೆಲೆ ಬರುವುದು ಮೆಚ್ಚಿದ್ದರಿಂದ ಅಲ್ಲ. ‘ಇದು ಬೇಡ’ ಎಂದು ಒಮ್ಮೊಮ್ಮೆ ಹೇಳುವುದರಿಂದ. ಎಲ್ಲವನ್ನೂ ಹೊಗಳುವವರು ಯಾವುದನ್ನೂ ಆರಿಸಿಕೊಟ್ಟಂತಾಗುವುದಿಲ್ಲ. ಓದುಗನಿಗೂ ಇಲ್ಲಿ ಒಂದು ಕರ್ತವ್ಯವಿದೆ. ಮೆಚ್ಚಿದ ಪುಸ್ತಕದ ಬಗ್ಗೆ ಇನ್ನೊಬ್ಬರಿಗೆ ಹೇಳಬೇಕು, ಮೆಚ್ಚದಿದ್ದುದರ ಬಗ್ಗೆ ದಾಕ್ಷಿಣ್ಯವಿಲ್ಲದೆ ಸುಮ್ಮನಿರುವುದನ್ನಾದರೂ ಕಲಿಯಬೇಕು. ಲೈಬ್ರರಿಯ ಪುಸ್ತಕದ ಮಾಸಿದ ಅಂಚುಗಳು ಹಿಂದೆ ಹೇಳುತ್ತಿದ್ದುದನ್ನು ಈಗ ಓದುಗರು ಬಾಯಿಬಿಟ್ಟು ಹೇಳಬೇಕಾಗಿದೆ.

ತಾಳೆಗರಿಯಿಂದ ಪರದೆಯವರೆಗೆ ಪುಸ್ತಕದ ರೂಪ ಬದಲಾದರೂ ಒಂದು ಸಂಗತಿ ಬದಲಾಗಿಲ್ಲ. ಓದುಗ ಪುಸ್ತಕವನ್ನು ಆರಿಸಿದ್ದಕ್ಕಿಂತ ಹೆಚ್ಚಾಗಿ ಅದಕ್ಕೆ ಹೊಣೆ ನಿಂತವರನ್ನು ಆರಿಸುತ್ತ ಬಂದಿದ್ದಾನೆ. ಗಂಟು ಹೊತ್ತು ಬಂದ ಗಳಗನಾಥರು ಕೊಳ್ಳುವವನ ಎದುರಿಗೇ ಕುಳಿತಿರುತ್ತಿದ್ದರು. ಪುಸ್ತಕ ಚೆನ್ನಾಗಿಲ್ಲದಿದ್ದರೆ ಕೇಳಲು ಒಂದು ಮುಖವಿತ್ತು. ಕಾಲ್ನಡಿಗೆಯಲ್ಲಿ ಪುಸ್ತಕ ಮಾರುವವನು ಅದೇ ದಾರಿಯಲ್ಲಿ ಮತ್ತೆ ಬರಬೇಕಾಗುತ್ತದೆ. ಒಮ್ಮೆ ಮೋಸಹೋದ ಮನೆಯ ಬಾಗಿಲು ಎರಡನೆಯ ಬಾರಿ ತೆರೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿರುತ್ತದೆ.